ಮಗನಿಗೆ 14 ತುಂಬುತ್ತಿದೆ, ಎತ್ತರ ಇಲ್ಲ, ಎದೆಯಲ್ಲಿ ಗಂಟು ಬೇರೆ. ಕಾಯಬೇಕಾ, ಡಾಕ್ಟರಿಗೆ ತೋರಿಸಬೇಕಾ?

ಪ್ರಶ್ನೆ: ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಇನ್ನೆರಡು ತಿಂಗಳಿಗೆ 14 ತುಂಬುತ್ತದೆ. ಕ್ಲಾಸಿನ ಹುಡುಗರಲ್ಲಿ ಅವನೇ ಕುಳ್ಳ. ಜೊತೆಯವರಿಗೆಲ್ಲ ದನಿ ಒಡೆದಿದೆ, ಕೆಲವರಿಗೆ ಮೀಸೆ ಚಿಗುರಿದೆ. ಇವನು ಫೋನ್ ಎತ್ತಿದರೆ ಆ ಕಡೆಯವರು ಹುಡುಗಿ ಅಂದುಕೊಂಡು ‘ಅಮ್ಮನಿಗೆ ಕೊಡಮ್ಮ’ ಅನ್ನುತ್ತಾರೆ. ಅವನ ಮುಖ ಸಪ್ಪಗಾಗುತ್ತದೆ.

ಇಷ್ಟೇ ಆಗಿದ್ದರೆ ನಾನು ಕಾಯುತ್ತಿದ್ದೆ. ನಮ್ಮ ಯಜಮಾನರು ‘ನಾನೂ ಕಾಲೇಜಿಗೆ ಸೇರಿದ ಮೇಲೇ ಉದ್ದ ಆಗಿದ್ದು, ಸುಮ್ನಿರು’ ಅನ್ನುತ್ತಾರೆ. ಆದರೆ ಕೆಲವು ತಿಂಗಳಿಂದ ಹುಡುಗ ಬೆನ್ನು ಬಗ್ಗಿಸಿಕೊಂಡೇ ಓಡಾಡುತ್ತಿದ್ದಾನೆ. ಟೀ ಶರ್ಟ್ ಹಾಕುವುದನ್ನು ಬಿಟ್ಟ. ಅಪ್ಪನ ದೊಗಲೆ ಶರ್ಟೇ ಬೇಕು. ಆಟದ ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ತಲೆನೋವು. ಕೇಳಿ ಕೇಳಿ ಸಾಕಾದ ಮೇಲೆ ಮೊನ್ನೆ ರಾತ್ರಿ ಬಾಯಿಬಿಟ್ಟ. ಎಡಗಡೆ ಮೊಲೆತೊಟ್ಟಿನ ಕೆಳಗೆ ಒಂದು ಗಂಟು ಇದೆಯಂತೆ. ಸ್ಕೂಲ್ ಬ್ಯಾಗಿನ ಪಟ್ಟಿ ತಾಗಿದರೆ ನೋಯುತ್ತದಂತೆ. ಫೋನಿನಲ್ಲಿ ಏನೇನೋ ಹುಡುಕಿ ಓದಿದ್ದಾನೆ. ‘ಅಮ್ಮ, ನನಗೆ ಕ್ಯಾನ್ಸರಾ?’ ಅಂತ ಕೇಳಿದ.

ನೆಂಟರೊಬ್ಬರು ಎತ್ತರಕ್ಕೆ ಪುಡಿ ಕೊಡಿ ಅಂದರು. ಇನ್ನೊಬ್ಬರು ಹಾರ್ಮೋನ್ ಇಂಜೆಕ್ಷನ್ ಅಂತ ಇದೆ, ಈಗಲೇ ಹಾಕಿಸಿ, ಆಮೇಲೆ ಪ್ರಯೋಜನ ಇಲ್ಲ ಅಂದರು. ಯಾರ ಮಾತು ಕೇಳಬೇಕೋ ಗೊತ್ತಾಗುತ್ತಿಲ್ಲ. ಇನ್ನೂ ಪ್ರಾಯವೇ ಬರದ ಹುಡುಗನಿಗೆ ಎದೆಯಲ್ಲಿ ಗಂಟು ಯಾಕೆ ಬರುತ್ತದೆ? ಯಾವ ಡಾಕ್ಟರ್ ಹತ್ತಿರ ಹೋಗಬೇಕು? ಏನೇನು ಪರೀಕ್ಷೆ ಮಾಡುತ್ತಾರೆ?

ಉತ್ತರ: ತಡವಾಗಿ ಬೆಳೆದ ಹುಡುಗನ ಅಪ್ಪ

ಮೇಡಂ, ನಿಮ್ಮ ಯಜಮಾನರ ಮಾತನ್ನು ತಳ್ಳಿಹಾಕಬೇಡಿ. ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ತಡವಾಗಿ ಬೆಳೆಯುವುದು ಮನೆತನದಲ್ಲಿ ಹರಿದು ಬರುತ್ತದೆ.

ನನ್ನ ಮಗನದ್ದೂ ಎತ್ತರದ್ದೇ ಚಿಂತೆ, ಗಂಟು ಇರಲಿಲ್ಲ. ಡಾಕ್ಟರ್ ಎಡಗೈಯ ಎಕ್ಸ್‌ರೇ ತೆಗೆಸಿದರು. ಎತ್ತರದ ಪ್ರಶ್ನೆಗೆ ಕೈ ಯಾಕೆ ಅಂದೆ. ಬೆರಳು, ಮಣಿಕಟ್ಟಿನ ಮೂಳೆಗಳ ತುದಿಯಲ್ಲಿ ಬೆಳೆಯುವ ಮೆದು ಭಾಗ ಎಷ್ಟು ಉಳಿದಿದೆ ಅಂತ ನೋಡಿ ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರಂತೆ. 15 ವರ್ಷದ ಹುಡುಗನ ಮೂಳೆ 13 ವರ್ಷದವನ ಹಾಗಿತ್ತು. ಅಂದರೆ ಇನ್ನೂ ಬೆಳೆಯುವುದು ಬಾಕಿ ಇದೆ ಅಂತ. ಔಷಧಿ ಏನೂ ಕೊಡಲಿಲ್ಲ. ಆರು ತಿಂಗಳಿಗೊಮ್ಮೆ ಕರೆದು ಅಳೆದರು. ಈಗ ಅವನಿಗೆ 19, ನನಗಿಂತ ಒಂದು ಬೆರಳು ಎತ್ತರ.

ಸ್ಕೂಲಿನ ಹಳೆಯ ಆರೋಗ್ಯ ಕಾರ್ಡುಗಳಿದ್ದರೆ ಎತ್ತಿಕೊಂಡು ಹೋಗಿ. ನಮ್ಮ ಡಾಕ್ಟರ್ ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ಅದನ್ನೇ.

ಉತ್ತರ: ಮಕ್ಕಳ ಬೆಳವಣಿಗೆ ಕ್ಲಿನಿಕ್ಕಿನ ನರ್ಸ್

ನಾನು ಮಕ್ಕಳ ಬೆಳವಣಿಗೆ ನೋಡುವ ಕ್ಲಿನಿಕ್ಕಿನಲ್ಲಿ ನರ್ಸ್. ಎತ್ತರ, ತೂಕ ಅಳೆದು ಚಾರ್ಟಿನಲ್ಲಿ ಚುಕ್ಕೆ ಇಡುವುದು ನನ್ನ ಕೆಲಸ. ನಿಮ್ಮ ಮಗನಂಥ ಹುಡುಗರು ದೊಗಲೆ ಶರ್ಟ್ ಹಾಕಿಕೊಂಡು, ಎದೆಗೆ ಬ್ಯಾಗ್ ಅವುಚಿಕೊಂಡು ಬರುವುದನ್ನು ದಿನಾ ನೋಡುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮಗೆ ಎರಡು ಚಿಂತೆ. ಇವನಿಗೆ ಪ್ರಾಯ ಶುರುವಾಗಿಲ್ಲ ಅನ್ನುವುದು ಒಂದು, ಎದೆಯಲ್ಲಿ ಗಂಟು ಇನ್ನೊಂದು. ಎರಡೂ ಒಟ್ಟಿಗೆ ನಿಜ ಆಗಿರುವುದು ಕಡಿಮೆ. ಈ ವಯಸ್ಸಿನ ಹುಡುಗರಲ್ಲಿ ಆ ಗಂಟು ಬರುವುದೇ ಪ್ರಾಯ ಶುರುವಾದ ಮೇಲೆ. ವೃಷಣಗಳು ಗಂಡು ಹಾರ್ಮೋನ್ ತಯಾರಿಸಲು ಶುರು ಮಾಡುತ್ತವೆ. ಅದರಲ್ಲಿ ಸ್ವಲ್ಪ ಭಾಗ ಮೈಯೊಳಗೇ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಆಗಿ ಬದಲಾಗುತ್ತದೆ. ಮೊದಮೊದಲು ಎರಡರ ಪ್ರಮಾಣ ಸರಿಹೊಂದಿರುವುದಿಲ್ಲ. ಆ ಹೊತ್ತಿನಲ್ಲಿ ಮೊಲೆತೊಟ್ಟಿನ ಕೆಳಗಿನ ಗ್ರಂಥಿ ಊದಿಕೊಳ್ಳುತ್ತದೆ. ಮುಟ್ಟಿದರೆ ದೊಡ್ಡ ಗುಂಡಿಯ ಹಾಗೆ ಚಪ್ಪಟೆಯಾಗಿ, ಗಟ್ಟಿಯಾಗಿ ಸಿಗುತ್ತದೆ. ಒಂದೇ ಕಡೆ ಬರಬಹುದು, ಎರಡೂ ಕಡೆ ಬರಬಹುದು. ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರಿಗೆ ಇದು ಬರುತ್ತದೆ. ಅವನ ಕ್ಲಾಸಿನಲ್ಲೇ ಇನ್ನೂ ಎಷ್ಟೋ ಹುಡುಗರಿಗೆ ಇರುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ. ಹೆಚ್ಚಿನವರಿಗೆ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಕ್ಯಾನ್ಸರ್ ಈ ವಯಸ್ಸಿನ ಹುಡುಗರಲ್ಲಿ ಅತಿ ಅಪರೂಪ. ಅದನ್ನು ಇವತ್ತೇ ಅವನಿಗೆ ಹೇಳಿ, ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವನು ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದಾನೋ ಏನೋ.

ಗಂಟನ್ನು ಒತ್ತುವುದು, ಹಿಂಡುವುದು, ಮಾಲೀಶು ಮಾಡುವುದು, ಮುಲಾಮು ಹಚ್ಚುವುದು ಯಾವುದೂ ಬೇಡ. ಒತ್ತಿದಷ್ಟೂ ನೋವು ಜಾಸ್ತಿ.

ಹಾಗಿದ್ದರೆ ದನಿ, ಮೀಸೆ ಯಾಕೆ ಬಂದಿಲ್ಲ ಅಂತ ಕೇಳುತ್ತೀರಿ. ಹುಡುಗರ ಮೈಯಲ್ಲಿ ಮೊದಲು ಆಗುವ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ. 9 ರಿಂದ 14 ವರ್ಷದೊಳಗೆ ಯಾವಾಗಲಾದರೂ ವೃಷಣಗಳು ದೊಡ್ಡದಾಗಲು ಶುರುವಾಗುತ್ತವೆ. ಆಮೇಲೆ ಕೂದಲು, ಶಿಶ್ನದ ಬೆಳವಣಿಗೆ. ಎತ್ತರ ಜೋರಾಗಿ ಏರುವುದು ಅದರ ನಂತರ. ದನಿ ಪೂರ್ತಿ ಒಡೆಯುವುದು, ಮೀಸೆ, ಗಡ್ಡ ಎಲ್ಲ ಕೊನೆಕೊನೆಗೆ. ಹೊರಗಿನವರು ನೋಡಿ ಮಾತಾಡುವುದೆಲ್ಲ ಈ ಕೊನೆಯಲ್ಲಿ ಬರುವ ವಿಷಯಗಳನ್ನೇ! ಹುಡುಗಿಯರಲ್ಲಿ ಬೇರೆ ಕ್ರಮ. ಅವರಿಗೆ ಎದೆ ಮೂಡುವುದರ ಜೊತೆಗೇ ಎತ್ತರ ಏರಲು ಶುರುವಾಗುತ್ತದೆ, 12ರ ಆಸುಪಾಸಿನಲ್ಲಿ ತುಂಬಾ ಜೋರಾಗಿರುತ್ತದೆ, ಮುಟ್ಟು ಶುರುವಾಗುವ ಹೊತ್ತಿಗೆ ಆ ಓಟ ನಿಧಾನವಾಗಿರುತ್ತದೆ. ಹುಡುಗರಿಗೆ ಅದು 14ರ ಆಸುಪಾಸು. ಆಗ ವರ್ಷಕ್ಕೆ 9 ಸೆಂಟಿಮೀಟರ್‌ನಷ್ಟು ಏರುವುದುಂಟು. ತಡವಾಗಿ ಶುರುವಾದವರಿಗೆ 15, 16ಕ್ಕೆ. ಅದಕ್ಕೇ ಒಂಬತ್ತನೇ ಕ್ಲಾಸಿನ ಗ್ರೂಪ್ ಫೋಟೋ ನೋಡಿ ಯಾರ ಬೆಳವಣಿಗೆಯನ್ನೂ ಅಳೆಯಬಾರದು. ಒಂದೇ ಬೆಂಚಿನಲ್ಲಿ ಬೆಳೆದು ಮುಗಿಯುತ್ತಾ ಬಂದವನೂ ಇರುತ್ತಾನೆ, ಈಗಷ್ಟೇ ಶುರು ಮಾಡಿದವನೂ ಇರುತ್ತಾನೆ.

ಡಾಕ್ಟರ್ ಏನು ಮಾಡುತ್ತಾರೆ ಅಂತ ಕೇಳಿದ್ದೀರಿ. ಮೊದಲು ಮಕ್ಕಳ ಡಾಕ್ಟರ್ ಸಾಕು, ಬೇಕಿದ್ದರೆ ಅವರೇ ಹಾರ್ಮೋನ್ ತಜ್ಞರಿಗೆ ಬರೆದುಕೊಡುತ್ತಾರೆ. ಅವರು ಎದೆ ನೋಡುತ್ತಾರೆ, ವೃಷಣವನ್ನೂ ನೋಡಲೇಬೇಕು. ಇದನ್ನು ಹುಡುಗನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅಲ್ಲಿ ಹೋಗಿ ಗೊತ್ತಾದರೆ ಅವನಿಗೆ ಅವಮಾನ ಆದ ಹಾಗೆ ಆಗುತ್ತದೆ. ನಮ್ಮಲ್ಲಿ ಡಾಕ್ಟರ್ ಕೈಯಲ್ಲಿ ಒಂದು ಮಣಿಸರ ಇರುತ್ತದೆ. ದಾರದಲ್ಲಿ 12 ಮಣಿಗಳು, ಸಣ್ಣದು 1 ಮಿಲಿಲೀಟರ್, ದೊಡ್ಡದು 25. ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಆಂಡ್ರಿಯಾ ಪ್ರಾಡರ್ 1966ರಲ್ಲಿ ತಂದ ಸಾಧನ ಅದು. ಒಂದು ಕೈಯಲ್ಲಿ ವೃಷಣ ಮುಟ್ಟಿ ನೋಡಿ, ಇನ್ನೊಂದು ಕೈಯಲ್ಲಿ ಅದಕ್ಕೆ ಸರಿಸಮ ಇರುವ ಮಣಿ ಹುಡುಕುತ್ತಾರೆ. 4 ಮಿಲಿಲೀಟರ್ ಮಣಿಯಷ್ಟಾಗಿದ್ದರೆ ಪ್ರಾಯ ಶುರುವಾಗಿದೆ ಅಂತ ಅರ್ಥ. ಪರದೆಯ ಆ ಕಡೆ ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ಚೀಟಿಯಲ್ಲಿ ‘ಟ್ಯಾನರ್ 3’ ಅಂತೇನಾದರೂ ಬರೆದಿದ್ದರೆ ಗಾಬರಿ ಬೇಡ. ಅದು ರೋಗದ ಹೆಸರಲ್ಲ. ಜೇಮ್ಸ್ ಟ್ಯಾನರ್ ಅನ್ನುವ ಬ್ರಿಟಿಷ್ ಡಾಕ್ಟರ್ ಹರೆಯದ ಬೆಳವಣಿಗೆಯನ್ನು 5 ಹಂತ ಮಾಡಿದ್ದಾರೆ, ಮೂರನೆಯದು ಅಂತ ಅರ್ಥ.

14 ತುಂಬಿದರೂ ವೃಷಣದ ಬೆಳವಣಿಗೆ ಶುರುವಾಗಿಲ್ಲ ಅಂದರೆ ಮಾತ್ರ ಅದನ್ನು ತಡ ಅನ್ನುತ್ತೇವೆ. ಹುಡುಗಿಯರಲ್ಲಿ 13ಕ್ಕೂ ಎದೆ ಮೂಡದಿದ್ದರೆ, 15ಕ್ಕೂ ಮುಟ್ಟಾಗದಿದ್ದರೆ ತೋರಿಸಬೇಕು. ಒಂದು ವೇಳೆ ನಿಮ್ಮ ಮಗನಿಗೆ ಪ್ರಾಯ ಶುರುವಾಗದೆಯೇ ಗಂಟು ಬಂದಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. ಗಂಟು ತೊಟ್ಟಿನ ಕೆಳಗಿರದೆ ಪಕ್ಕಕ್ಕಿದ್ದರೆ, ಬೇಗಬೇಗ ದೊಡ್ಡದಾಗುತ್ತಿದ್ದರೆ, ತೊಟ್ಟಿನಿಂದ ಏನಾದರೂ ಒಸರಿದರೆ, ವೃಷಣದಲ್ಲೂ ಗಂಟಿದ್ದರೆ ಆಗಲೂ ತಡ ಮಾಡಬೇಡಿ. ಅವನು ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವು ಔಷಧಿಗಳಿಂದಲೂ ಎದೆ ಊದುತ್ತದೆ.

ಪುಡಿಯಿಂದ ಎತ್ತರ ಬರುವುದಿಲ್ಲ. ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಇರುವುದು ಆ ಹಾರ್ಮೋನ್ ಕಡಿಮೆ ಇರುವವರಿಗೆ ಮತ್ತು ಇನ್ನು ಕೆಲವೇ ಕಾಯಿಲೆಗಳಿಗೆ. ತೀರಾ ತಡವಾದ ಹುಡುಗರಿಗೆ ಡಾಕ್ಟರ್ ಕೆಲವೊಮ್ಮೆ ಕೆಲವು ತಿಂಗಳು ಟೆಸ್ಟೋಸ್ಟೆರಾನ್, ಅಂದರೆ ಗಂಡು ಹಾರ್ಮೋನ್, ಕೊಡುತ್ತಾರೆ, ಅದು ಲೆಕ್ಕದ ಪ್ರಕಾರ. ಯಾರೋ ಹೇಳಿದರು ಅಂತ ತೆಗೆದುಕೊಂಡರೆ ಮೂಳೆಯ ಬೆಳೆಯುವ ತುದಿ ಬೇಗ ಮುಚ್ಚಿಕೊಂಡು, ಬರಬೇಕಾದ ಎತ್ತರವೂ ನಿಂತುಹೋಗುತ್ತದೆ. ದಯವಿಟ್ಟು ಆ ನೆಂಟರ ಮಾತು ಕೇಳಬೇಡಿ.

ಅವನ ಹಳೆಯ ಎತ್ತರದ ಲೆಕ್ಕ ಇದ್ದರೆ ಇಲ್ಲಿ ಹಾಕಿ. ಎಷ್ಟಿದ್ದಾನೆ ಅನ್ನುವುದಕ್ಕಿಂತ ವರ್ಷಕ್ಕೆ ಎಷ್ಟು ಏರಿದ್ದಾನೆ ಅನ್ನುವುದೇ ನನಗೆ ಮುಖ್ಯ.

ಮತ್ತೆ ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ

ಅಕ್ಕ, ನಿಮ್ಮ ಉತ್ತರವನ್ನು ಅವನಿಗೇ ಓದಲು ಕೊಟ್ಟೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬಂದು ‘ಅರ್ಧದಷ್ಟು ಹುಡುಗರಿಗಾ? ನಿಜವಾಗ್ಲೂನಾ?’ ಅಂತ ಕೇಳಿದ.

ಕಾರ್ಡು ಸಿಕ್ಕಿತು. 12 ತುಂಬಿದಾಗ 139 ಸೆಂಟಿಮೀಟರ್. 13ಕ್ಕೆ 144. ಈಗ ಮನೆಯಲ್ಲಿ ಅಳೆದರೆ 148. ಅಪ್ಪ 170, ನಾನು 156. ಒಂದು ವಿಚಿತ್ರ ಅಂದರೆ ಎತ್ತರ ಇಲ್ಲದಿದ್ದರೂ ಈ ವರ್ಷ ಶೂ ಎರಡು ಸಲ ಚಿಕ್ಕದಾಯಿತು. ಇನ್ನೊಂದು, ಬಲ ಮಂಡಿಯ ಚಿಪ್ಪಿನ ಕೆಳಗೆ ಮೂಳೆ ಉಬ್ಬಿದ ಹಾಗೆ ಕಾಣುತ್ತದೆ. ಓಡಿದರೆ, ಮಂಡಿಯೂರಿ ಕೂತರೆ ನೋವು ಅನ್ನುತ್ತಾನೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಓಟದ ಕೋಚ್

ಮಂಡಿಯ ವಿಷಯಕ್ಕೆ ಮಾತ್ರ ಹೇಳುತ್ತೇನೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಹೆಸರು ಆಸ್‌ಗುಡ್-ಶ್ಲಾಟರ್. 1903ರಲ್ಲಿ ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ವಿವರಿಸಿದ್ದರಿಂದ ಇಬ್ಬರ ಹೆಸರೂ ಸೇರಿದೆ. ತೊಡೆಯ ಮುಂದಿನ ಸ್ನಾಯು ಮಂಡಿಚಿಪ್ಪಿನ ಮೂಲಕ ಕಾಲಿನ ಮೂಳೆಗೆ ಅಂಟಿಕೊಳ್ಳುವ ಜಾಗ ಅದು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿದಾಗ, ಹಾರಿದಾಗ ಸ್ನಾಯು ಅದನ್ನೇ ಎಳೆಯುತ್ತದೆ. ಆಟ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಹಾರುವುದು, ಕುಪ್ಪಳಿಸುವುದು ಕಡಿಮೆ ಮಾಡಿ, ಆಡಿದ ಮೇಲೆ ಐಸ್ ಇಡಿ, ತೊಡೆಯ ಸ್ನಾಯು ಸಡಿಲವಾಗುವ ವ್ಯಾಯಾಮ ಮಾಡಿಸಿ. ಬೆಳವಣಿಗೆ ಮುಗಿದಂತೆ ನೋವು ಹೋಗುತ್ತದೆ, ಉಬ್ಬು ಕೆಲವರಿಗೆ ಉಳಿಯುತ್ತದೆ. ಆದರೆ ಮಂಡಿ ಊದಿಕೊಂಡು ಬಿಸಿಯಾದರೆ, ಕುಂಟಿದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಇದು ಅಂತ ಸುಮ್ಮನಾಗಬೇಡಿ, ತೋರಿಸಿ.

ಉತ್ತರ: ಮಕ್ಕಳ ಬೆಳವಣಿಗೆ ಕ್ಲಿನಿಕ್ಕಿನ ನರ್ಸ್

ಕೋಚ್ ಸರ್ ಸರಿಯಾಗಿ ಹೇಳಿದ್ದಾರೆ. ಲೆಕ್ಕ ನೋಡಿ ನನಗೂ ಸಮಾಧಾನ ಆಯಿತು. 12 ರಿಂದ 13ಕ್ಕೆ 5 ಸೆಂಟಿಮೀಟರ್, ಈ ವರ್ಷ ಇನ್ನೂ ಮುಗಿಯುವ ಮೊದಲೇ 4. ವರ್ಷಕ್ಕೆ 4ಕ್ಕಿಂತ ಕಡಿಮೆ ಆದರೆ ನಾವು ಥೈರಾಯ್ಡ್, ಕರುಳಿನ ಕಾಯಿಲೆ, ಹಾರ್ಮೋನ್ ಕೊರತೆ ಎಲ್ಲ ಯೋಚಿಸುತ್ತೇವೆ. ಇವನು ಆ ಗೆರೆಗಿಂತ ಮೇಲಿದ್ದಾನೆ. ಶೂ ಚಿಕ್ಕದಾಗಿದ್ದು ಒಳ್ಳೆಯ ಸುದ್ದಿ! ಬೆಳವಣಿಗೆ ಪಾದದಿಂದ ಶುರುವಾಗುತ್ತದೆ, ಆಮೇಲೆ ಕಾಲು, ಕೊನೆಗೆ ಬೆನ್ನು.

ಅಪ್ಪ ಅಮ್ಮನ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಎರಡರಿಂದ ಭಾಗಿಸಿ. ಹುಡುಗಿಯಾದರೆ 13 ಕಳೆಯಬೇಕು. ನಿಮ್ಮ ಮಗನಿಗೆ 169.5 ಬರುತ್ತದೆ. ಅದಕ್ಕಿಂತ ಎಂಟೊಂಬತ್ತು ಸೆಂಟಿಮೀಟರ್ ಹೆಚ್ಚು ಅಥವಾ ಕಡಿಮೆ ಆಗಬಹುದು. ಇದು ಅಂದಾಜು, ಅವನಿಗೆ ಗ್ಯಾರಂಟಿ ಅಂತ ಹೇಳಿಬಿಡಬೇಡಿ.

ಮನೆಯಲ್ಲಿ ಅಳೆಯುವಾಗ ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಗುರುತು. ಹುಡುಗರು ಗೊತ್ತಿಲ್ಲದ ಹಾಗೆ ಹಿಮ್ಮಡಿ ಎತ್ತುತ್ತಾರೆ, ನಾನು ಒಂದು ಕೈ ಕೆಳಗಿಟ್ಟೇ ಅಳೆಯುತ್ತೇನೆ. ಯಾವಾಗಲೂ ಒಂದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆಗೂ ಸಂಜೆಗೂ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ, ಸಂಜೆಗೆ ಬೆನ್ನು ಕುಗ್ಗಿರುತ್ತದೆ. ಮೂರು ತಿಂಗಳಿಗೆ ಒಂದು ಸಲ ಸಾಕು. ವಾರ ವಾರ ಅಳೆದರೆ ಅವನಿಗೆ ಹಿಂಸೆ.

ಇನ್ನೊಂದು ಮಾತು ಹೇಳಲೇಬೇಕು. ಅವನು ಗಂಟನ್ನು ತಿಂಗಳುಗಟ್ಟಲೆ ಮುಚ್ಚಿಟ್ಟ ಹುಡುಗ. ವೃಷಣದಲ್ಲಿ ದಿಢೀರ್ ಅಂತ ಜೋರು ನೋವು ಬಂದರೆ, ಜೊತೆಗೆ ವಾಂತಿ ಆದರೆ, ಅರ್ಧರಾತ್ರಿ ಆದರೂ ಎಬ್ಬಿಸಬೇಕು ಅಂತ ಅವನಿಗೆ ಬಿಡಿಸಿ ಹೇಳಿ. ಈ ವಯಸ್ಸಿನಲ್ಲಿ ವೃಷಣ ತಿರುಚಿಕೊಂಡು ರಕ್ತ ನಿಂತುಹೋಗುವುದುಂಟು. 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಸುವ ಅವಕಾಶ ಹೆಚ್ಚು. ಎಷ್ಟೋ ಹುಡುಗರು ನಾಚಿಕೊಂಡು ‘ಹೊಟ್ಟೆನೋವು’ ಅಂದುಬಿಡುತ್ತಾರೆ, ಬೆಳಗಾಗುವುದರೊಳಗೆ ಕೈಮೀರಿರುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಸಂಕಟ ಇದೆ. ಪ್ರತಿ ಮನೆಯಲ್ಲೂ ಹುಡುಗರಿಗೆ ಇದನ್ನು ಒಂದು ಸಲ ಹೇಳಿರಬೇಕು.

ಉತ್ತರ: 21 ವರ್ಷದವ

ಆಂಟಿ, ನನಗೆ ಎರಡೂ ಕಡೆ ಇತ್ತು. ಕರಗುವುದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆ ಸಮಯದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ.

ಒಳಗೆ ಸ್ವಲ್ಪ ಬಿಗಿಯಾದ ಬನಿಯನ್, ಮೇಲೆ ಗಾಢ ಬಣ್ಣದ ಶರ್ಟ್. ಆಗ ಬೆನ್ನು ನೆಟ್ಟಗಾಗುತ್ತದೆ, ಬಗ್ಗಿ ನಡೆಯಬೇಕು ಅನಿಸುವುದಿಲ್ಲ. ಡಾಕ್ಟರ್ ನನ್ನ ಅಮ್ಮನ ಕಡೆ ನೋಡದೆ ನನ್ನ ಜೊತೆ ಮಾತಾಡಿದರು, ಅಮ್ಮನನ್ನು ಹೊರಗೆ ಕೂರಿಸಿ ಪರೀಕ್ಷೆ ಮಾಡಿದರು. ನೀವೂ ಅವನನ್ನೇ ಕೇಳಿ, ಒಳಗೆ ಯಾರು ಇರಬೇಕು ಅಂತ. ಅಪ್ಪ ಇರಲಿ ಅನ್ನಬಹುದು, ಯಾರೂ ಬೇಡ ಅನ್ನಬಹುದು. ಆಟದ ಮೇಷ್ಟ್ರಿಗೆ ಅಮ್ಮ ಒಂದು ಚೀಟಿ ಕೊಟ್ಟಿದ್ದರು, ಬಟ್ಟೆ ಬದಲಾಯಿಸಲು ಬೇರೆ ಜಾಗ ಕೊಡಿ ಅಂತ ಅಷ್ಟೇ, ಕಾರಣ ಬರೆದಿರಲಿಲ್ಲ. ಅದರಿಂದ ನಾನು ಆಟ ಬಿಡಲಿಲ್ಲ. ಮತ್ತೆ, ದಯವಿಟ್ಟು ‘ಕಡಿಮೆ ಆಯ್ತಾ, ತೋರಿಸು’ ಅಂತ ದಿನಾ ಕೇಳಬೇಡಿ. ಅವನಾಗಿ ಹೇಳಲಿ.

ಮತ್ತೆ ಒಂಬತ್ತನೇ ಕ್ಲಾಸ್ ಹುಡುಗನ ಅಮ್ಮ

ತೋರಿಸಿಕೊಂಡು ಬಂದೆವು. ಒಳಗೆ ಅಪ್ಪ ಇರಲಿ ಅಂದ. ಮಣಿಸರದಲ್ಲಿ 8 ಮಿಲಿಲೀಟರ್ ಮಣಿಯಷ್ಟು ಬಂತಂತೆ. ಪ್ರಾಯ ಚೆನ್ನಾಗಿಯೇ ಶುರುವಾಗಿದೆ, ಎತ್ತರದ ಓಟ ಇನ್ನು ಮುಂದೆ ಅಂದರು. ಗಂಟು ಅಕ್ಕ ಹೇಳಿದ್ದೇ, ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಕೈ ಎಕ್ಸ್‌ರೇಯಲ್ಲಿ ಮೂಳೆ ವಯಸ್ಸು ಹನ್ನೆರಡೂವರೆ. ಥೈರಾಯ್ಡ್ ಸರಿ ಇದೆ. ಯೋಚನೆಯೇ ಮಾಡದ ಒಂದು ವಿಷಯ ಸಿಕ್ಕಿತು. ಹಿಮೋಗ್ಲೋಬಿನ್ 11.2, ಕಬ್ಬಿಣದ ಅಂಶ ಕಡಿಮೆ ಇದೆಯಂತೆ, ಮೂರು ತಿಂಗಳು ಮಾತ್ರೆ ಕೊಟ್ಟಿದ್ದಾರೆ. ರಕ್ತಹೀನತೆ ಹುಡುಗಿಯರಿಗೆ ಮಾತ್ರ ಅಂದುಕೊಂಡಿದ್ದೆ. ಈಚೆಗೆ ಸುಸ್ತು ಅನ್ನುತ್ತಿರುತ್ತಾನೆ, ಅದಕ್ಕೆ ಇದೂ ಕಾರಣ ಇರಬಹುದಾ?

ಉತ್ತರ: ಮಕ್ಕಳ ಬೆಳವಣಿಗೆ ಕ್ಲಿನಿಕ್ಕಿನ ನರ್ಸ್

ಖಂಡಿತ ಇರಬಹುದು. ಈ ವಯಸ್ಸಿಗೆ ಹಿಮೋಗ್ಲೋಬಿನ್ ಕನಿಷ್ಠ 12 ಇರಬೇಕು. ಮೈ ಬೆಳೆದ ಹಾಗೆ ರಕ್ತವೂ ಜಾಸ್ತಿ ತಯಾರಾಗಬೇಕು, ಸ್ನಾಯುವಿಗೂ ಕಬ್ಬಿಣ ಬೇಕು. ಹುಡುಗರಿಗೂ ಈ ವರ್ಷಗಳಲ್ಲಿ ಕೊರತೆ ಬರುತ್ತದೆ. ಹುಡುಗಿಯರಿಗೆ ಮುಟ್ಟಿನಲ್ಲಿ ಹೋಗುವುದೂ ಸೇರಿ ಇನ್ನೂ ಹೆಚ್ಚು.

ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ಒಟ್ಟಿಗೆ ಕೊಡಬೇಡಿ, ಮೈಗೆ ಹತ್ತುವುದಿಲ್ಲ. ಸುಸ್ತು ಕಡಿಮೆಯಾಯಿತು ಅಂತ ನಡುವೆ ನಿಲ್ಲಿಸಲೂ ಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಒಳಗಿನ ದಾಸ್ತಾನು ತುಂಬಲು ಸಮಯ ಬೇಕು. ಹೊಟ್ಟೆ ತೊಳಸಿದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಸಮಯ ಬದಲಾಯಿಸಿ ಕೊಡಬಹುದು. ಈ ಮಾತ್ರೆಗೆ ಮಲ ಕಪ್ಪಗಾಗುತ್ತದೆ, ಅದರಿಂದ ತೊಂದರೆ ಇಲ್ಲ. ಇದನ್ನು ಅವನಿಗೆ ಇವತ್ತೇ ಹೇಳಿಬಿಡಿ. ಇಲ್ಲದಿದ್ದರೆ ಇನ್ನೊಂದು ರಾತ್ರಿ ಫೋನಿನಲ್ಲಿ ಹುಡುಕುತ್ತಾ ಕೂರುತ್ತಾನೆ.